ಝೀರೋ-ನಾಲೆಡ್ಜ್ ಪ್ರೂಫ್: ಗುಟ್ಟು ಬಿಡದೆ ನಂಬಿಸುವ ಗಣಿತ ಮತ್ತು ಅದು ಕೈಕೊಡುವ ಜಾಗಗಳು

ವಯಸ್ಸಿನ ಪರಿಶೀಲನೆ ಈಗ ಇಂಟರ್ನೆಟ್ಟಿನ ಹೊಸ್ತಿಲಲ್ಲೇ ಬಂದು ಕೂತಿದೆ. ಬ್ರಿಟನ್ನಿನಲ್ಲಿ 2025ರ ಜುಲೈನಿಂದ ವಯಸ್ಕರ ಜಾಲತಾಣಗಳು ಬಳಕೆದಾರರ ವಯಸ್ಸನ್ನು ಖಚಿತಪಡಿಸಿಕೊಳ್ಳಲೇಬೇಕು. ಆಸ್ಟ್ರೇಲಿಯಾ ಅದೇ ವರ್ಷದ ಡಿಸೆಂಬರ್‌ನಿಂದ 16 ತುಂಬದವರಿಗೆ ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯನ್ನೇ ನಿರ್ಬಂಧಿಸಿದೆ. ಯುರೋಪಿಯನ್ ಒಕ್ಕೂಟ ತನ್ನದೇ ಪರಿಶೀಲನಾ ಆ್ಯಪ್‌ನ ಮಾದರಿ ಹೊರತಂದಿದೆ. ಗೂಗಲ್ ತನ್ನ ವಾಲೆಟ್‌ಗಾಗಿ ಕಟ್ಟಿದ ಝೀರೋ-ನಾಲೆಡ್ಜ್ ಕೋಡನ್ನು 2025ರ ಜುಲೈನಲ್ಲಿ ಎಲ್ಲರಿಗೂ ಮುಕ್ತಗೊಳಿಸಿತು. ಈ ತಂತ್ರದ ಬೆನ್ನಿಗಿರುವ ಭರವಸೆ ಒಂದೇ: ಹುಟ್ಟಿದ ದಿನಾಂಕ ಹೇಳಬೇಕಿಲ್ಲ, ಹೆಸರು ಹೇಳಬೇಕಿಲ್ಲ, 18 ದಾಟಿದೆ ಎಂಬುದಷ್ಟೇ ಸಾಬೀತಾಗುತ್ತದೆ.

ಗಣಿತದ ಮಟ್ಟಿಗೆ ಈ ಭರವಸೆಯಲ್ಲಿ ಮೋಸವಿಲ್ಲ. ಆದರೆ ಇದನ್ನು ವಿವರಿಸುವ ಜನಪ್ರಿಯ ಬರಹಗಳು ಗುಹೆ, ಮಂತ್ರದ ಬಾಗಿಲು, ಬಣ್ಣದ ಚೆಂಡು ಎಂದು ಕತೆ ಹೇಳಿ, ‘ಇಪ್ಪತ್ತು ಸಲ ಸರಿಯಾಗಿ ಬಂದರೆ ನಂಬಬಹುದು’ ಎಂಬಲ್ಲಿಗೆ ನಿಂತುಬಿಡುತ್ತವೆ. ನಂಬಿಕೆ ಹೇಗೆ ಹುಟ್ಟುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ. ಎದುರಿನವರಿಗೆ ‘ಏನೂ ತಿಳಿಯಲಿಲ್ಲ’ ಎಂದು ಎದೆ ತಟ್ಟಿ ಹೇಳುವುದು ಹೇಗೆ ಎಂಬ ಕಷ್ಟದ ಅರ್ಧ ಹಾಗೇ ಉಳಿಯುತ್ತದೆ. ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ, ಚಾರ್ಲ್ಸ್ ರಾಕಾಫ್ 1985ರಲ್ಲಿ ಮಂಡಿಸಿದ ಪ್ರಬಂಧದ ದೊಡ್ಡತನ ಇರುವುದು ಆ ಅರ್ಧದಲ್ಲಿ. ಅವರು ಕೊಟ್ಟ ಅಳತೆಗೋಲು ಹೀಗಿದೆ: ಸಂಭಾಷಣೆಯ ಇಡೀ ದಾಖಲೆಯನ್ನು ಗುಟ್ಟೇ ಗೊತ್ತಿಲ್ಲದ ಮೂರನೆಯವರು ಮನೆಯಲ್ಲಿ ಕೂತು ತಯಾರಿಸಬಹುದಾದರೆ, ಮತ್ತು ಅಸಲಿ ಯಾವುದು, ತಯಾರಿಸಿದ್ದು ಯಾವುದು ಎಂದು ಬೇರ್ಪಡಿಸಲು ಆಗದಿದ್ದರೆ, ಆ ಸಂಭಾಷಣೆಯಿಂದ ಯಾರಿಗೂ ಏನೂ ಸಿಕ್ಕಿಲ್ಲ. ಹಾಗೆ ದಾಖಲೆ ತಯಾರಿಸುವ ಕಾಲ್ಪನಿಕ ಯಂತ್ರಕ್ಕೆ ಸಿಮ್ಯುಲೇಟರ್ ಎಂದು ಹೆಸರು.

ಸಣ್ಣ ಸಂಖ್ಯೆಗಳಲ್ಲಿ ಇಡೀ ಆಟ

1989ರಲ್ಲಿ ಕ್ಲಾಸ್ ಶ್ನೋರ್ ಪ್ರಕಟಿಸಿದ ಪದ್ಧತಿಯನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡಬಹುದು. ಎಲ್ಲ ಲೆಕ್ಕವೂ 23ರಿಂದ ಭಾಗಿಸಿ ಉಳಿಯುವ ಶೇಷದಲ್ಲಿ. ಆಧಾರ ಸಂಖ್ಯೆ 2. ಇದರ 11ನೇ ಘಾತ 2048. ಅದನ್ನು 23ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಘಾತಾಂಕಗಳ ಲೆಕ್ಕ 11ರ ಶೇಷದಲ್ಲಿ ಸುತ್ತುತ್ತದೆ. ಸಾಬೀತು ಮಾಡಬೇಕಾದವನು, ಅಂದರೆ ಪ್ರೂವರ್‌ನ ಗುಟ್ಟು 7. 2ರ 7ನೇ ಘಾತ 128, ಶೇಷ 13. ಈ 13 ಎಲ್ಲರಿಗೂ ಗೊತ್ತಿರುವ ಪಬ್ಲಿಕ್ ಕೀ. ಇಷ್ಟು ಚಿಕ್ಕ ಸಂಖ್ಯೆಯಲ್ಲಿ 13ರಿಂದ 7ನ್ನು ಹುಡುಕಲು ಒಂದು ನಿಮಿಷವೂ ಬೇಡ. ನಿಜ ಬಳಕೆಯಲ್ಲಿ ಇರುವ, 256 ಬಿಟ್‌ನ ಎಲಿಪ್ಟಿಕ್ ಕರ್ವ್ ಎಂಬ ಗಣಿತ ರಚನೆಯಲ್ಲಿ ಇಂದಿನ ಕಂಪ್ಯೂಟರುಗಳಿಗೆ ಅದು ಸಾಧ್ಯವಿಲ್ಲ.

ಪ್ರೂವರ್ ಮೊದಲು ಒಂದು ಯಾದೃಚ್ಛಿಕ ಸಂಖ್ಯೆ ಆರಿಸುತ್ತಾನೆ, 4 ಎಂದುಕೊಳ್ಳಿ. 2ರ 4ನೇ ಘಾತವಾದ 16ನ್ನು ಕಳಿಸುತ್ತಾನೆ. ಪರೀಕ್ಷಿಸುವವನು, ಅಂದರೆ ವೆರಿಫೈಯರ್, ಒಂದು ಸವಾಲು ಎಸೆಯುತ್ತಾನೆ: 3. ಪ್ರೂವರ್‌ನ ಉತ್ತರ: 4 ಕೂಡಿಸು 3 ಗುಣಿಸು 7, ಅಂದರೆ 25, ಅದರ 11ರ ಶೇಷ 3. ವೆರಿಫೈಯರ್ ಎರಡು ಬದಿ ಹೋಲಿಸುತ್ತಾನೆ. ಒಂದು ಬದಿ 2ರ 3ನೇ ಘಾತ, 8. ಇನ್ನೊಂದು ಬದಿ 16 ಗುಣಿಸು 13ರ 3ನೇ ಘಾತ. 13ರ ಘನದ ಶೇಷ 12, 16 ಗುಣಿಸು 12 ಎಂದರೆ 192, ಶೇಷ 8. ತಾಳೆಯಾಯಿತು. 7 ಎಲ್ಲಿಯೂ ಹೊರಬೀಳಲಿಲ್ಲ, ಏಕೆಂದರೆ ಉತ್ತರದೊಳಗಿನ 4 ಅದನ್ನು ಮುಚ್ಚಿದೆ.

ಈಗ ಸಿಮ್ಯುಲೇಟರ್‌ನ ಸರದಿ. ಅದಕ್ಕೆ 7 ಗೊತ್ತಿಲ್ಲ. ಅದು ಲೆಕ್ಕವನ್ನು ಹಿಂದುಮುಂದಾಗಿ ಮಾಡುತ್ತದೆ: ಮೊದಲು ಸವಾಲು 6, ಉತ್ತರ 5 ಎಂದು ಮನಸ್ಸಿಗೆ ಬಂದದ್ದನ್ನು ಇಟ್ಟುಕೊಳ್ಳುತ್ತದೆ. ತಾಳೆಯಾಗಬೇಕಾದರೆ ಮೊದಲ ಸಂದೇಶ ಏನಿರಬೇಕಿತ್ತು? 2ರ 5ನೇ ಘಾತ 32, ಶೇಷ 9. 13ರ 6ನೇ ಘಾತದ ಶೇಷ 6. 6ರಿಂದ ಗುಣಿಸಿದರೆ 9 ಬರುವ ಸಂಖ್ಯೆ 13: 78ರ ಶೇಷ 9. ಹಾಗಾದರೆ ದಾಖಲೆ ‘13, 6, 5’. ಯಾವ ಪರೀಕ್ಷೆಗೆ ಒಡ್ಡಿದರೂ ಇದು ಪಾಸು. ಅಸಲಿ ಸಂಭಾಷಣೆಯ ‘16, 3, 3’ರ ಪಕ್ಕ ಇಟ್ಟರೆ ಯಾವುದು ಗುಟ್ಟು ಬಲ್ಲವನದು, ಯಾವುದು ಬರಿಗೈಯವನದು ಎಂದು ಹೇಳಲು ದಾರಿಯೇ ಇಲ್ಲ. ಎರಡರ ಸಂಭವನೀಯತೆಯ ಹಂಚಿಕೆಯೂ ಒಂದೇ.

ಹಾಗಿದ್ದ ಮೇಲೆ ಅಸಲಿ ಸಂಭಾಷಣೆಯನ್ನು ಯಾಕೆ ನಂಬಬೇಕು? ಕ್ರಮಕ್ಕಾಗಿ. ಸಿಮ್ಯುಲೇಟರ್ ಸವಾಲನ್ನು ಮೊದಲೇ ಇಟ್ಟುಕೊಂಡು ಆಮೇಲೆ ಮೊದಲ ಸಂದೇಶ ಹೊಂದಿಸಿತು. ನೇರ ಸಂಭಾಷಣೆಯಲ್ಲಿ ಪ್ರೂವರ್ ಆ ಸಂದೇಶಕ್ಕೆ ಕಟ್ಟುಬಿದ್ದ ಮೇಲೆಯೇ ಸವಾಲು ಬರುತ್ತದೆ. ದಾಖಲೆಯಲ್ಲಿ ಸಾಕ್ಷ್ಯ ಇಲ್ಲ, ಅದು ನಡೆದ ಕ್ರಮದಲ್ಲಿದೆ. ಆದ್ದರಿಂದ ಎದುರು ಕೂತು ಸವಾಲು ಹಾಕಿದವನಿಗೆ ಮಾತ್ರ ಅದರಿಂದ ನಂಬಿಕೆ. ಅದೇ ದಾಖಲೆಯನ್ನು ಮೂರನೆಯವರಿಗೆ ತೋರಿಸಿದರೆ ಕವಡೆ ಬೆಲೆಯಿಲ್ಲ. (ಸವಾಲನ್ನು ಪ್ರಾಮಾಣಿಕವಾಗಿ ಯಾದೃಚ್ಛಿಕವಾಗಿ ಆರಿಸುವ ವೆರಿಫೈಯರ್‌ಗೆ ಈ ವಾದ ನೇರವಾಗಿ ಅನ್ವಯಿಸುತ್ತದೆ. ಕಿಡಿಗೇಡಿ ವೆರಿಫೈಯರ್ ಮೊದಲ ಸಂದೇಶ ನೋಡಿ ಸವಾಲನ್ನು ಹೊಸೆಯಬಹುದು. ಅವನನ್ನೂ ಸೇರಿಸಿಕೊಳ್ಳಲು ಹೆಚ್ಚುವರಿ ಬಂದೋಬಸ್ತು ಬೇಕು.)

ಇದಕ್ಕೆ ಎದುರಾಗಿ ಎಕ್ಸ್‌ಟ್ರಾಕ್ಟರ್ ಎಂಬ ಇನ್ನೊಂದು ಕಾಲ್ಪನಿಕ ಯಂತ್ರವಿದೆ. ಪ್ರೂವರ್‌ಗೆ ಗುಟ್ಟು ನಿಜವಾಗಿ ಗೊತ್ತಿದೆ ಎಂಬುದರ ಅರ್ಥವನ್ನು ಇದು ಹಿಡಿದಿಡುತ್ತದೆ. ಅದು ಪ್ರೂವರ್‌ನನ್ನು 16 ಕಳಿಸಿದ ಕ್ಷಣಕ್ಕೆ ಹಿಂದಕ್ಕೆ ತಿರುಗಿಸಿ ಬೇರೆ ಸವಾಲು ಹಾಕುತ್ತದೆ: 3ರ ಬದಲು 8. ಉತ್ತರ 4 ಕೂಡಿಸು 56, ಅಂದರೆ 60, ಶೇಷ 5. ಉತ್ತರಗಳ ವ್ಯತ್ಯಾಸ 2, ಸವಾಲುಗಳ ವ್ಯತ್ಯಾಸ 5. 11ರ ಶೇಷದಲ್ಲಿ 2ನ್ನು 5ರಿಂದ ಭಾಗಿಸಿದರೆ 7. ಗುಟ್ಟು ಹೊರಬಂತು. ಒಂದೇ ಮೊದಲ ಸಂದೇಶಕ್ಕೆ ಎರಡು ಸವಾಲುಗಳಿಗೆ ಉತ್ತರಿಸಬಲ್ಲವನ ಬಳಿ 7 ಇದ್ದೇ ಇರಬೇಕು. ಇಲ್ಲದವನು ಒಂದೇ ಸವಾಲಿಗೆ ಸಿದ್ಧನಾಗಿ ಬರಬಲ್ಲ, ಅವನಿಗೆ ಗೆಲ್ಲುವ ಅವಕಾಶ ಇಲ್ಲಿ 11ರಲ್ಲಿ ಒಂದು, ನಿಜ ಬಳಕೆಯಲ್ಲಿ ಲೆಕ್ಕಕ್ಕೇ ಬಾರದಷ್ಟು.

ಸಿದ್ಧಾಂತದ ಈ ಯಂತ್ರ ಬೀದಿಗೆ ಬಂದದ್ದೂ ಉಂಟು. ಡಿಜಿಟಲ್ ಸಹಿಗಳಲ್ಲೂ ಇದೇ ಬಗೆಯ ಸಮೀಕರಣ ಇರುತ್ತದೆ. ಸೋನಿಯ ಪ್ಲೇಸ್ಟೇಷನ್ 3ರ ಸಹಿಗಳಲ್ಲಿ ಪ್ರತಿ ಸಲವೂ ಹೊಸದಾಗಿ ಬರಬೇಕಿದ್ದ ಯಾದೃಚ್ಛಿಕ ಸಂಖ್ಯೆ ಬದಲಾಗದೆ ಇತ್ತು. 2010ರ ಡಿಸೆಂಬರ್‌ನಲ್ಲಿ ಸಂಶೋಧಕರು ಎರಡು ಸಹಿಗಳನ್ನು ಹೀಗೆಯೇ ಕಳೆದು ಭಾಗಿಸಿ ಕಂಪನಿಯ ಖಾಸಗಿ ಕೀಲಿಯನ್ನು ಹೊರತೆಗೆಯಬಹುದೆಂದು ತೋರಿಸಿದರು. ನಮ್ಮ ಉದಾಹರಣೆಯಲ್ಲಿ 4ನ್ನು ಎರಡನೇ ಸಲ ಬಳಸಿದ ಹಾಗೆ. ಫೋನಿನಲ್ಲಿ, ಸ್ಮಾರ್ಟ್ ಕಾರ್ಡಿನಲ್ಲಿ ಯಾದೃಚ್ಛಿಕ ಸಂಖ್ಯೆಯ ಮೂಲ ಹಳಸಿದ್ದರೆ ಮೇಲಿನ ಗಣಿತ ಎಷ್ಟೇ ಅಚ್ಚುಕಟ್ಟಾಗಿದ್ದರೂ ಗುಟ್ಟು ಉಳಿಯದು.

ವೆರಿಫೈಯರ್ ಬದಲು ಹ್ಯಾಶ್

ಜಾಲತಾಣದ ಜೊತೆ ಸಂದೇಶ, ಸವಾಲು, ಉತ್ತರ ಎಂದು ಹಲವು ಸುತ್ತು ಮಾತಾಡುವುದು ಕಿರಿಕಿರಿ. ಅಮೋಸ್ ಫಿಯಟ್ ಮತ್ತು ಅದಿ ಶಮೀರ್ 1986ರಲ್ಲಿ ಕೊಟ್ಟ ಉಪಾಯ: ಸವಾಲನ್ನು ವೆರಿಫೈಯರ್ ಆರಿಸುವ ಬದಲು, ಅಲ್ಲಿಯವರೆಗಿನ ಎಲ್ಲವನ್ನೂ ಹ್ಯಾಶ್ ಮಾಡಿ (ಅಂದರೆ ಮುಂಚೆ ಊಹಿಸಲಾಗದ, ನಿಗದಿತ ಉದ್ದದ ಒಂದು ಸಂಖ್ಯೆಯಾಗಿ ಅರೆದು) ಬಂದದ್ದೇ ಸವಾಲು ಎಂದು ತೆಗೆದುಕೊಳ್ಳಿ. ಮೊದಲ ಸಂದೇಶ ಬದಲಿಸಿದರೆ ಸವಾಲೂ ಬದಲಾಗುತ್ತದೆ, ಹಾಗಾಗಿ ಸಿಮ್ಯುಲೇಟರ್‌ನ ಹಿಂದುಮುಂದಿನ ಆಟ ನಡೆಯುವುದಿಲ್ಲ. ಪ್ರೂಫ್ ಒಂದೇ ಫೈಲಾಗುತ್ತದೆ, ಯಾರು ಬೇಕಾದರೂ ಪರೀಕ್ಷಿಸಬಹುದು.

ಇಲ್ಲಿ ಎಡವುವುದು ‘ಎಲ್ಲವನ್ನೂ’ ಎಂಬ ಪದದಲ್ಲಿ. ಮೊದಲ ಸಂದೇಶವನ್ನಷ್ಟೇ ಹ್ಯಾಶ್ ಮಾಡಿ ಪಬ್ಲಿಕ್ ಕೀಯನ್ನು ಬಿಟ್ಟರು ಎಂದುಕೊಳ್ಳಿ. ಮೋಸಗಾರ ಯಾವುದೋ ಒಂದು ಮೊದಲ ಸಂದೇಶ ಆರಿಸಿ, ಅದರ ಹ್ಯಾಶಿನಿಂದ ಸವಾಲು ಪಡೆದು, ಉತ್ತರವನ್ನೂ ಮನಬಂದಂತೆ ಆರಿಸಿ, ಕೊನೆಗೆ ಇವೆಲ್ಲಕ್ಕೂ ಹೊಂದುವ ಪಬ್ಲಿಕ್ ಕೀಯನ್ನು ಹುಡುಕಿಕೊಳ್ಳಬಹುದು. ಆ ಕೀಯ ಗುಟ್ಟು ಅವನಿಗೂ ಗೊತ್ತಿಲ್ಲ, ಆದರೂ ಪ್ರೂಫ್ ಪಾಸು! ಹೀಲಿಯೋಸ್ ಎಂಬ ಆನ್‌ಲೈನ್ ಮತದಾನ ವ್ಯವಸ್ಥೆಯಲ್ಲಿ ಈ ಬಗೆಯ ದೌರ್ಬಲ್ಯವಿದೆ ಎಂದು 2012ರಲ್ಲೇ ಸಂಶೋಧಕರು ತೋರಿಸಿದ್ದರು. ಹತ್ತು ವರ್ಷದ ನಂತರ, 2022ರಲ್ಲಿ, ಟ್ರೇಲ್ ಆಫ್ ಬಿಟ್ಸ್ ಸಂಸ್ಥೆ ಹಲವು ಹೊಸ ಝೀರೋ-ನಾಲೆಡ್ಜ್ ಲೈಬ್ರರಿಗಳಲ್ಲಿ ಅದೇ ತಪ್ಪನ್ನು ಪತ್ತೆ ಮಾಡಿ ‘ಫ್ರೋಜನ್ ಹಾರ್ಟ್’ ಎಂದು ಹೆಸರಿಟ್ಟಿತು. ಕೋಡ್ ಪರಿಶೀಲಿಸುವವರು ಮೊದಲು ನೋಡಬೇಕಾದ ಸಾಲು ಇದೇ ಎಂಬುದು ನನ್ನ ಅಭಿಪ್ರಾಯ: ಹ್ಯಾಶಿನ ಒಳಗೆ ಏನೇನು ಹೋಗುತ್ತಿದೆ?

ಯಾವುದೇ ಹೇಳಿಕೆಗೂ ಪ್ರೂಫ್

ಘಾತಾಂಕ ಗೊತ್ತಿದೆ ಎಂದು ತೋರಿಸಿದ್ದಾಯಿತು. ‘ಈ ಗುರುತಿನ ದಾಖಲೆಯಲ್ಲಿರುವ ಜನ್ಮದಿನಾಂಕ ಇಂತಿಷ್ಟಕ್ಕಿಂತ ಹಿಂದಿನದು’ ಎಂದು ತೋರಿಸುವುದು ಹೇಗೆ? ಉತ್ತರ ಗೊತ್ತಿದ್ದರೆ ಸರಿ ನೋಡುವುದು ಸುಲಭ ಎನ್ನುವಂಥ ಯಾವ ಹೇಳಿಕೆಗಾದರೂ ಝೀರೋ-ನಾಲೆಡ್ಜ್ ಪ್ರೂಫ್ ಸಾಧ್ಯ ಎಂದು ಗೋಲ್ಡ್‌ರೈಕ್, ಮಿಕಾಲಿ, ವಿಗ್ಡರ್ಸನ್ 1986ರಲ್ಲಿ ತೋರಿಸಿದರು. ಅವರ ದಾರಿ, ಹೇಳಿಕೆಯನ್ನು ಒಂದು ಗ್ರಾಫಿಗೆ ಮೂರು ಬಣ್ಣ ಹಚ್ಚುವ ಸಮಸ್ಯೆಯಾಗಿ ಬದಲಿಸುವುದು. ಗೆರೆಯಿಂದ ಜೋಡಿಯಾದ ಎರಡು ಬಿಂದುಗಳಿಗೆ ಒಂದೇ ಬಣ್ಣ ಇರಬಾರದು. ಪ್ರೂವರ್ ಬಣ್ಣಗಳನ್ನು ಅದಲುಬದಲು ಮಾಡಿ, ಪ್ರತಿ ಬಿಂದುವಿನ ಬಣ್ಣವನ್ನೂ ಕಮಿಟ್‌ಮೆಂಟ್‌ನಲ್ಲಿ, ಅಂದರೆ ಆಮೇಲೆ ಬದಲಿಸಲಾಗದ ಲಕೋಟೆಯಂಥದ್ದರಲ್ಲಿ, ಮುಚ್ಚಿಡುತ್ತಾನೆ. ವೆರಿಫೈಯರ್ ಒಂದು ಗೆರೆ ಆರಿಸುತ್ತಾನೆ. ಅದರ ಎರಡು ತುದಿಗಳಷ್ಟೇ ತೆರೆಯುತ್ತವೆ. ಕಾಣುವುದು ಎರಡು ಬೇರೆ ಬೇರೆ ಬಣ್ಣ ಮಾತ್ರ, ಮುಂದಿನ ಸುತ್ತಿಗೆ ಬಣ್ಣಗಳು ಮತ್ತೆ ಅದಲುಬದಲು. ನೂರು ಗೆರೆಗಳಿದ್ದು ಒಂದೇ ಗೆರೆ ತಪ್ಪಿದ್ದರೆ ಒಂದು ಸುತ್ತಿನಲ್ಲಿ ಸಿಕ್ಕಿಬೀಳುವ ಸಾಧ್ಯತೆ ಶೇ 1. ಎರಡು ಸಾವಿರ ಸುತ್ತು ಆಡಿದರೆ ತಪ್ಪಿಸಿಕೊಳ್ಳುವ ಸಾಧ್ಯತೆ 50 ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ. ಸೊಗಸಾದ ವಾದ, ಆದರೆ ಬಳಕೆಗೆ ವಿಪರೀತ ಭಾರ.

ಇಂದಿನ ಪದ್ಧತಿಗಳು ಹಗುರಾದದ್ದು ಬಹುಪದಗಳಿಂದ. ಇಡೀ ಲೆಕ್ಕಾಚಾರದ ಎಲ್ಲ ಹಂತಗಳನ್ನೂ ಒಂದು ದೊಡ್ಡ ಬಹುಪದದೊಳಗೆ ಹೆಣೆಯುತ್ತಾರೆ, ‘ಲೆಕ್ಕ ಸರಿ’ ಎಂಬುದು ಎರಡು ಬಹುಪದಗಳು ಒಂದೇ ಎಂಬ ಹೇಳಿಕೆಯಾಗುತ್ತದೆ. ಹತ್ತು ಲಕ್ಷ ಡಿಗ್ರಿಯ ಎರಡು ಬೇರೆ ಬಹುಪದಗಳು ಹೆಚ್ಚೆಂದರೆ ಹತ್ತು ಲಕ್ಷ ಬಿಂದುಗಳಲ್ಲಿ ಕೂಡಬಲ್ಲವು. ಬಿಂದುಗಳ ಒಟ್ಟು ಸಂಖ್ಯೆಯೋ 2ರ 254ನೇ ಘಾತದ ಆಸುಪಾಸು. ಕಣ್ಣು ಮುಚ್ಚಿ ಒಂದು ಬಿಂದು ಆರಿಸಿ ಅಲ್ಲಿ ಎರಡೂ ಕೂಡಿದರೆ ಸಾಕು, ಅವು ಒಂದೇ ಬಹುಪದ ಎನ್ನಬಹುದು. ಒಂದು ತಪ್ಪು ಹಂತವೂ ಬಹುಪದದ ಉದ್ದಗಲಕ್ಕೆ ಹರಡಿಕೊಳ್ಳುವುದರಿಂದ ಸಾವಿರಾರು ಸುತ್ತು ಬೇಕಿಲ್ಲ. 2016ರ ಗ್ರೋತ್16 ಪದ್ಧತಿಯಲ್ಲಿ, ಲೆಕ್ಕ ಎಷ್ಟೇ ದೊಡ್ಡದಿರಲಿ, ಪ್ರೂಫ್ ಎಂದರೆ ಮೂರೇ ಕರ್ವ್ ಬಿಂದುಗಳು. ಸಾಮಾನ್ಯವಾಗಿ ಬಳಸುವ ಕರ್ವ್‌ಗಳಲ್ಲಿ 128 ಅಥವಾ 192 ಬೈಟ್.

ಇಲ್ಲೊಂದು ಅಡ್ಡ ಮಾತು. ಹೀಗೆ ಕುಗ್ಗಿಸುವುದು ಬೇರೆ, ಮುಚ್ಚಿಡುವುದು ಬೇರೆ. ಬಹುಪದಕ್ಕೆ ಯಾದೃಚ್ಛಿಕ ಪದಗಳನ್ನು ಬೆರೆಸಿದಾಗ ಮಾತ್ರ ಗುಟ್ಟು ಉಳಿಯುತ್ತದೆ. ಬ್ಲಾಕ್‌ಚೈನ್ ಲೋಕದಲ್ಲಿ ‘ಝೀರೋ-ನಾಲೆಡ್ಜ್ ರೋಲಪ್’ (ಹಲವು ವಹಿವಾಟುಗಳನ್ನು ಒಂದೇ ಪ್ರೂಫಿನಡಿ ಕಟ್ಟುವಂಥವು) ಎಂದು ಕರೆಸಿಕೊಳ್ಳುವ ಬಹುತೇಕ ವ್ಯವಸ್ಥೆಗಳು ಕುಗ್ಗಿಸುವ ಗುಣವನ್ನಷ್ಟೇ ಬಳಸುತ್ತವೆ, ಅವುಗಳ ವಹಿವಾಟು ಎಲ್ಲರಿಗೂ ಕಾಣುತ್ತದೆ. ಹೆಸರು ನೋಡಿ ಗೌಪ್ಯತೆ ಇದೆ ಎಂದುಕೊಳ್ಳಬಾರದು.

ವಯಸ್ಸಿನ ಲೆಕ್ಕ ಎಲ್ಲಿ ತಪ್ಪುತ್ತದೆ

ಜನ್ಮದಿನಾಂಕವನ್ನು ವರ್ಷ, ತಿಂಗಳು, ದಿನ ಸೇರಿಸಿದ ಎಂಟು ಅಂಕಿಯ ಸಂಖ್ಯೆಯಾಗಿ ಬರೆಯೋಣ. ಪರೀಕ್ಷೆ ನಡೆಯುವ ದಿನ 2026ರ ಮಾರ್ಚ್ 1 ಆದರೆ 18 ವರ್ಷದ ಗಡಿ 20080301. 2001ರ ಏಪ್ರಿಲ್ 15ರಂದು ಹುಟ್ಟಿದವರಿಗೆ ವ್ಯತ್ಯಾಸ 20080301 ಕಳೆ 20010415, ಅಂದರೆ 69886. 2010ರ ಜೂನ್ 20ರಂದು ಹುಟ್ಟಿದವರಿಗೆ ಮೈನಸ್ 20319. ಸೊನ್ನೆಗಿಂತ ಕೆಳಗಿದ್ದರೆ ತಿರಸ್ಕರಿಸು ಎಂದರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಪ್ರೂಫಿಗಾಗಿ ಸಮೀಕರಣಗಳ ರೂಪದಲ್ಲಿ ಬರೆದ ಲೆಕ್ಕಾಚಾರಕ್ಕೆ ಸರ್ಕ್ಯೂಟ್ ಎನ್ನುತ್ತಾರೆ. ಅದರೊಳಗಿನ ಲೆಕ್ಕವೆಲ್ಲ ಒಂದು ಭಾರಿ ಅವಿಭಾಜ್ಯ ಸಂಖ್ಯೆಯ ಶೇಷದಲ್ಲಿ ನಡೆಯುತ್ತದೆ. ಅಲ್ಲಿ ಮೈನಸ್ 20319 ಎಂಬುದು ಆ ಅವಿಭಾಜ್ಯಕ್ಕಿಂತ 20319 ಕಡಿಮೆ ಇರುವ, 254 ಬಿಟ್‌ನ ಒಂದು ಸಾಧಾರಣ ಸಂಖ್ಯೆ. ‘ಋಣ’ ಎಂಬ ಮಾತಿಗೇ ಅಲ್ಲಿ ಅರ್ಥವಿಲ್ಲ. ಆದ್ದರಿಂದ ವ್ಯತ್ಯಾಸ 25 ಬಿಟ್‌ಗಳೊಳಗೆ ಹಿಡಿಯುತ್ತದೆ ಎಂದು ತೋರಿಸಬೇಕು. ಪ್ರೂವರ್ 25 ಬಿಟ್‌ಗಳನ್ನು ಕೊಡುತ್ತಾನೆ. 1, 2, 4, 8 ಎಂದು ತೂಕ ಹಾಕಿ ಕೂಡಿದರೆ ವ್ಯತ್ಯಾಸ ಬರಬೇಕು. ಜೊತೆಗೆ ಪ್ರತಿ ಬಿಟ್ ಸೊನ್ನೆ ಅಥವಾ ಒಂದೇ ಆಗಿರಬೇಕು, ಅಂದರೆ ಬಿಟ್ಟನ್ನು ಅದಕ್ಕಿಂತ ಒಂದು ಕಡಿಮೆಯ ಸಂಖ್ಯೆಯಿಂದ ಗುಣಿಸಿದರೆ ಸೊನ್ನೆ ಬರಬೇಕು. ಈ ಕೊನೆಯ ನಿರ್ಬಂಧ ಬರೆಯಲು ಮರೆತರೆ ಹದಿನೈದರ ಹುಡುಗನೂ ಪಾಸಾಗುತ್ತಾನೆ: ಮೊದಲ ‘ಬಿಟ್’ ಜಾಗದಲ್ಲಿ ಆ ದೈತ್ಯ ಸಂಖ್ಯೆಯನ್ನೇ ಇಟ್ಟು ಉಳಿದ 24ರಲ್ಲಿ ಸೊನ್ನೆ ಹಾಕಿದರೆ ಮೊತ್ತ ತಾಳೆಯಾಗುತ್ತದೆ. ಪ್ರಾಮಾಣಿಕ ಬಳಕೆದಾರರ ಡೇಟಾ ಹಾಕಿ ಪರೀಕ್ಷಿಸಿದರೆ ಈ ದೋಷ ಎಂದೂ ಕಾಣದು, ಏಕೆಂದರೆ ಅವರ ಆ್ಯಪ್ ಯಾವಾಗಲೂ ಸರಿಯಾದ ಬಿಟ್‌ಗಳನ್ನೇ ಕೊಡುತ್ತದೆ. ಸರ್ಕ್ಯೂಟಿನ ಪರೀಕ್ಷೆ ಎಂದರೆ ಪ್ರೂವರ್‌ನ ಕೋಡನ್ನು ಪಕ್ಕಕ್ಕಿಟ್ಟು, ಒಳಗಿನ ಮೌಲ್ಯಗಳನ್ನು ಬೇಕೆಂದೇ ಕೆಡಿಸಿ, ತಿರಸ್ಕಾರ ಬರುತ್ತದೆಯೇ ಎಂದು ನೋಡುವುದು.

ಇಂಥದ್ದು ನಿಜವಾಗಿ ನಡೆದಿದೆ. 2019ರ ಅಕ್ಟೋಬರ್‌ನಲ್ಲಿ, ಕ್ರಿಪ್ಟೊ ಹಣದ ಜಾಡು ಮರೆಸುವ ಸೇವೆಯಾದ ಟೊರ್ನಾಡೋ ಕ್ಯಾಶ್ ಬಳಸುತ್ತಿದ್ದ ಹ್ಯಾಶ್ ಸರ್ಕ್ಯೂಟಿನಲ್ಲಿ, ಮೌಲ್ಯ ಹಾಕುವುದರ ಜೊತೆಗೆ ನಿರ್ಬಂಧವನ್ನೂ ಸೇರಿಸುವ ಚಿಹ್ನೆ ಇರಬೇಕಾದಲ್ಲಿ ಬರಿಯ ಮೌಲ್ಯ ಹಾಕುವ ಚಿಹ್ನೆ ಇತ್ತು. ಅಷ್ಟರಿಂದಲೇ ಇಲ್ಲದ ಠೇವಣಿ ಇದೆ ಎಂದು ಸಾಬೀತು ಮಾಡಬಹುದಿತ್ತು. ತಂಡವೇ ಆ ದೋಷ ಬಳಸಿ ಹಣವನ್ನು ಹೊರತೆಗೆದು ಕಾಪಾಡಿತು.

ದಿನಾಂಕದ ಲೆಕ್ಕ ಇಡೀ ಸರ್ಕ್ಯೂಟಿನ ತೀರಾ ಚಿಕ್ಕ ಭಾಗ. ಆ ದಿನಾಂಕವನ್ನು ಪ್ರೂವರ್ ತಾನೇ ಹುಟ್ಟಿಸಿಕೊಂಡಿಲ್ಲ, ಅದು ಅಧಿಕೃತ ಸಂಸ್ಥೆ ಸಹಿ ಹಾಕಿದ ದಾಖಲೆಯಲ್ಲಿದೆ ಎಂದು ತೋರಿಸುವುದೇ ದುಬಾರಿ. ಎಸ್‌ಎಚ್‌ಎ-256 ಹ್ಯಾಶಿನ ಒಂದು ಬ್ಲಾಕಿಗೆ ಸುಮಾರು 25 ಸಾವಿರ ನಿರ್ಬಂಧಗಳು ಬೇಕು. ಸರ್ಕ್ಯೂಟಿಗೆಂದೇ ರೂಪಿಸಿದ ಪೊಸೈಡನ್ ಹ್ಯಾಶಿಗೆ ಕೆಲವು ನೂರು ಸಾಕು. ಆದರೆ ಈಗಾಗಲೇ ವಿತರಿಸಿದ ಗುರುತಿನ ದಾಖಲೆಗಳು ಪೊಸೈಡನ್ ಅನ್ನು ಕಂಡೇ ಇಲ್ಲ. ಗೂಗಲ್‌ನ ಪದ್ಧತಿಯ ಜಾಣ್ಮೆ ಇರುವುದು ಇಲ್ಲಿ: ಸಹಿಯ ಪರಿಶೀಲನೆಯನ್ನು ಆ ಸಹಿಯ ಕರ್ವ್‌ನದೇ ಸಂಖ್ಯಾಕ್ಷೇತ್ರದಲ್ಲಿ, ಹ್ಯಾಶನ್ನು ಬೈನರಿ ಕ್ಷೇತ್ರದಲ್ಲಿ ಬೇರೆ ಬೇರೆಯಾಗಿ ಸಾಬೀತು ಮಾಡಿ, ಎರಡರಲ್ಲೂ ಒಂದೇ ಮೌಲ್ಯ ಇತ್ತು ಎಂದು ಹೊಲಿಯುತ್ತದೆ. ಪ್ರೂಫ್ ಗ್ರೋತ್16ಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಆದರೆ ಫೋನಿನಿಂದ ಜಾಲತಾಣಕ್ಕೆ ಕಳಿಸಲು ಅದು ಅಡ್ಡಿಯಲ್ಲ. ದಾಖಲೆ ಕೊಡುವ ಸಂಸ್ಥೆಯೂ ಏನನ್ನೂ ಬದಲಿಸಬೇಕಿಲ್ಲ.

ಇಷ್ಟು ಕಷ್ಟ ಯಾಕೆ, ‘18 ದಾಟಿದೆ’ ಎಂಬ ಒಂದು ಸಾಲನ್ನಷ್ಟೇ ದಾಖಲೆಯಿಂದ ತೋರಿಸಿದರೆ ಸಾಲದೇ ಎಂದು ಕೇಳಬಹುದು. ಆ ಸೌಲಭ್ಯ ಮೊಬೈಲ್ ಚಾಲನಾ ಪರವಾನಗಿಯ ಅಂತರರಾಷ್ಟ್ರೀಯ ಮಾನದಂಡದಲ್ಲಿ ಈಗಲೇ ಇದೆ, ಜನ್ಮದಿನಾಂಕ ಮುಚ್ಚಿಯೇ ಇರುತ್ತದೆ. ಆದರೆ ಸಂಸ್ಥೆಯ ಸಹಿಯನ್ನು ಹಾಗೇ ತೋರಿಸಬೇಕಾಗುತ್ತದೆ, ಆ ಸಹಿ ಜಗತ್ತಿನಲ್ಲಿ ಒಂದೇ. ಎರಡು ಜಾಲತಾಣಗಳು ತಮಗೆ ಬಂದ ಸಹಿಗಳನ್ನು ಹೋಲಿಸಿದರೆ ಬಂದವರು ಒಬ್ಬರೇ ಎಂದು ತಿಳಿಯುತ್ತದೆ. ಸಂಸ್ಥೆಯೂ ಕೈಜೋಡಿಸಿದರೆ ಹೆಸರೇ ಸಿಗುತ್ತದೆ. ಒಮ್ಮೆ ಬಳಸಿ ಬಿಸಾಡುವ ದಾಖಲೆಗಳನ್ನು ಕಟ್ಟುಗಟ್ಟಲೆ ಕೊಟ್ಟು ಮೊದಲನೆಯದನ್ನು ತಡೆಯಬಹುದು, ಎರಡನೆಯದನ್ನಲ್ಲ. ಸಹಿಯನ್ನೇ ಪ್ರೂಫಿನೊಳಗೆ ಮುಚ್ಚಿದಾಗ ಎರಡೂ ನಿಲ್ಲುತ್ತವೆ.

ಸಹಿ ಮುಚ್ಚಿದ ಮೇಲೆ ಹೊಸ ತಲೆನೋವು. ಪ್ರೂಫ್ ಹಳೆಯದೇ, ಬೇರೆಯವರದೇ ಎಂದು ಹೇಗೆ ತಿಳಿಯುವುದು? ಜಾಲತಾಣ ಪ್ರತಿ ಸಲ ಹೊಸ ಸಂಖ್ಯೆ ಕೊಟ್ಟು, ದಾಖಲೆಗೆ ಕಟ್ಟಿದ ಫೋನಿನ ಕೀಲಿ ಅದಕ್ಕೆ ಸಹಿ ಹಾಕಿದೆ ಎಂಬುದನ್ನೂ ಹೇಳಿಕೆಯಲ್ಲಿ ಸೇರಿಸಬೇಕು. ಅಣ್ಣನ ಫೋನು ತಮ್ಮನ ಕೈಗೆ ಸಿಕ್ಕರೆ ಈ ಗಣಿತ ಏನೂ ಮಾಡಲಾರದು. ಒಬ್ಬರಿಗೆ ಒಂದೇ ಸಲ ಎನ್ನಬೇಕಾದ ಕಡೆ ಗುಟ್ಟು ಮತ್ತು ಜಾಲತಾಣದ ಹೆಸರನ್ನು ಸೇರಿಸಿ ಹ್ಯಾಶ್ ಮಾಡಿದ ನಲಿಫೈಯರ್ ಎಂಬ ಸಂಖ್ಯೆ ಬಳಸುತ್ತಾರೆ. ಅದರಲ್ಲೂ ಒಂದು ಗುಂಡಿ ಇದೆ. ಸರ್ಕ್ಯೂಟಿಗೆ 254 ಬಿಟ್‌ನ ಅವಿಭಾಜ್ಯದ ಶೇಷ ಮಾತ್ರ ಕಾಣುತ್ತದೆ, ಹೊರಗಿನ ಪ್ರೋಗ್ರಾಮು 256 ಬಿಟ್ ಓದುತ್ತದೆ. ನಲಿಫೈಯರ್‌ಗೆ ಆ ಅವಿಭಾಜ್ಯವನ್ನು ಕೂಡಿಸಿ ಕಳಿಸಿದರೆ ಸರ್ಕ್ಯೂಟಿಗೆ ಹಳೆಯದೇ, ಹೊರಗಿನ ಪಟ್ಟಿಗೆ ಹೊಸದು. ಇಥೀರಿಯಂ ಬ್ಲಾಕ್‌ಚೈನ್‌ನಲ್ಲಿ ಹೆಚ್ಚು ಬಳಸುವ ಕರ್ವ್‌ನಲ್ಲಿ ಒಂದೇ ನಲಿಫೈಯರ್ ಐದಾರು ವೇಷ ಹಾಕಬಲ್ಲದು. ಬಂದ ಸಂಖ್ಯೆ ಅವಿಭಾಜ್ಯಕ್ಕಿಂತ ಚಿಕ್ಕದೇ ಎಂದು ನೋಡುವ ಒಂದು ಸಾಲು ಇದನ್ನು ತಡೆಯುತ್ತದೆ.

ಸುಳಿವಿಲ್ಲದ ಕಳವು

ಗ್ರೋತ್16ರಂಥ ಪದ್ಧತಿಗಳಿಗೆ ಆರಂಭದಲ್ಲಿ ಒಂದು ಗುಟ್ಟಿನ ಬಿಂದುವಿನಿಂದ ಕೆಲವು ನಿಯತಾಂಕಗಳನ್ನು ತಯಾರಿಸಿ, ಆ ಬಿಂದುವನ್ನು ನಾಶ ಮಾಡಬೇಕು. ಅದನ್ನು ಉಳಿಸಿಕೊಂಡವರು ಸುಳ್ಳು ಪ್ರೂಫ್ ಹುಟ್ಟಿಸಬಲ್ಲರು. ವಹಿವಾಟನ್ನು ಮುಚ್ಚಿಡುವ ಕ್ರಿಪ್ಟೊಕರೆನ್ಸಿ ಝೀಕ್ಯಾಶ್ 2016ರಲ್ಲಿ ಆರಂಭವಾದಾಗ ಈ ಕೆಲಸವನ್ನು ಆರು ಮಂದಿಗೆ ಹಂಚಲಾಗಿತ್ತು. ಆರರಲ್ಲಿ ಒಬ್ಬರು ತಮ್ಮ ಪಾಲನ್ನು ನಿಜವಾಗಿ ಅಳಿಸಿದ್ದರೂ ಸಾಕು. ಪೆಟ್ಟು ಬಂದದ್ದು ಬೇರೆ ಕಡೆಯಿಂದ. ಝೀಕ್ಯಾಶ್ ಆಗ ಬಳಸಿದ ಪದ್ಧತಿಯ ಮೂಲ ಪ್ರಬಂಧದಲ್ಲಿದ್ದ ಒಂದು ತಪ್ಪಿನಿಂದ ಪ್ರಕಟಿಸಬಾರದಿದ್ದ ಕೆಲವು ಸಂಖ್ಯೆಗಳು ನಿಯತಾಂಕಗಳ ಜೊತೆ ಹೊರಬಿದ್ದಿದ್ದವು, ಅವುಗಳಿಂದ ಮಿತಿಯಿಲ್ಲದೆ ನಾಣ್ಯ ಸೃಷ್ಟಿಸಬಹುದಿತ್ತು. ಸಂಶೋಧಕ ಏರಿಯಲ್ ಗ್ಯಾಬಿಜಾನ್ 2018ರ ಮಾರ್ಚ್‌ನಲ್ಲಿ ಇದನ್ನು ಕಂಡುಹಿಡಿದರು, ಅಕ್ಟೋಬರ್‌ನ ಅಪ್‌ಗ್ರೇಡ್‌ನಲ್ಲಿ ಸದ್ದಿಲ್ಲದೆ ಸರಿಪಡಿಸಲಾಯಿತು, 2019ರ ಫೆಬ್ರವರಿಯಲ್ಲಿ ಜಗತ್ತಿಗೆ ತಿಳಿಸಲಾಯಿತು. ಯಾರಾದರೂ ಅದನ್ನು ಬಳಸಿಕೊಂಡಿದ್ದರೇ ಎಂದು ಒಳಗಿನ ವಹಿವಾಟು ನೋಡಿ ಹೇಳಲು ಆಗುವುದಿಲ್ಲ, ಅದು ಮುಚ್ಚಿರಲೆಂದೇ ಕಟ್ಟಿದ್ದು. ಉಳಿದ ದಾರಿ ಒಂದೇ: ಮುಚ್ಚಿದ ನಾಣ್ಯಗಳ ಕೊಳದೊಳಗೆ ಒಟ್ಟು ಎಷ್ಟು ಹೋಯಿತು, ಹೊರಗೆ ಒಟ್ಟು ಎಷ್ಟು ಬಂತು ಎಂದು ಅದರ ಬಾಗಿಲಲ್ಲೇ ಎಣಿಸುವುದು.

ಬಹಿರಂಗ ವ್ಯವಸ್ಥೆಯಲ್ಲಿ ಸುಳ್ಳು ನಮೂದು ಇಂದಲ್ಲ ನಾಳೆ ಲೆಕ್ಕ ಪರಿಶೋಧನೆಗೆ ಸಿಗುತ್ತದೆ. ಇಲ್ಲಿ ಸಿಗುವುದಿಲ್ಲ. ವಯಸ್ಸಿನ ಪ್ರೂಫಿನಲ್ಲೂ ಅಷ್ಟೇ: ಸರ್ಕ್ಯೂಟಿನ ದೋಷದಿಂದ ಎಷ್ಟು ಜನ ನುಸುಳಿದರು ಎಂದು ಜಾಲತಾಣದ ಲಾಗ್ ನೋಡಿ ತಿಳಿಯಲಾಗದು, ಎಲ್ಲ ಪ್ರೂಫ್‌ಗಳೂ ಒಂದೇ ತರಹ ಪಾಸಾಗಿರುತ್ತವೆ. ಇನ್ನೊಂದು ಬದಿಯಲ್ಲಿ ಐಪಿ ವಿಳಾಸ, ಬ್ರೌಸರ್‌ನ ಗುರುತು, ಬಂದ ಸಮಯ ಇವೆಲ್ಲ ಪ್ರೂಫಿನ ಹೊರಗೆ ಇದ್ದೇ ಇರುತ್ತವೆ. ದಾಖಲೆ ಕೊಟ್ಟ ಸಂಸ್ಥೆಯ ಪಬ್ಲಿಕ್ ಕೀ ಸಾಮಾನ್ಯವಾಗಿ ಬಹಿರಂಗ ಇನ್‌ಪುಟ್. ಆ ಸಂಸ್ಥೆಯಿಂದ ದಾಖಲೆ ಪಡೆದವರು ಕೆಲವೇ ಮಂದಿ ಇದ್ದರೆ ಅಷ್ಟರಿಂದಲೇ ಬಳಕೆದಾರರ ಸುತ್ತ ಬೇಲಿ ಕಿರಿದಾಗುತ್ತದೆ.

ಕ್ವಾಂಟಮ್ ಕಂಪ್ಯೂಟರಿನ ಭಯವನ್ನೂ ಇದೇ ಎರಡು ಯಂತ್ರಗಳಿಂದ ಅಳೆಯಬಹುದು. ಅಂಥ ಯಂತ್ರ ಕರ್ವ್‌ಗಳ ಗಣಿತ ಒಡೆದ ದಿನ ಗ್ರೋತ್16ರ ಪ್ರೂಫನ್ನು ಯಾರೂ ನಂಬುವಂತಿಲ್ಲ, ಎಕ್ಸ್‌ಟ್ರಾಕ್ಟರ್‌ನ ವಾದ ಕುಸಿಯುತ್ತದೆ. ಆದರೆ ಅದರ ಸಿಮ್ಯುಲೇಟರ್ ತಯಾರಿಸುವ ದಾಖಲೆ ಅಸಲಿಯದರಷ್ಟೇ ಖಚಿತವಾದ ಹಂಚಿಕೆಯಲ್ಲಿರುತ್ತದೆ, ಅದು ಯಾವ ಗಣಿತ ಸಮಸ್ಯೆಯ ಕಷ್ಟದ ಮೇಲೂ ನಿಂತಿಲ್ಲ. ಹಾಗಾಗಿ ಇಂದು ಸಂಗ್ರಹಿಸಿಟ್ಟ ಪ್ರೂಫಿನಿಂದ ಇಂದಿನ ಗುಟ್ಟನ್ನು ನಾಳೆಯೂ ತೆಗೆಯಲಾಗದು. ಹ್ಯಾಶಿನ ಮೇಲೆ ಕಟ್ಟಿದ ಸ್ಟಾರ್ಕ್‌ನಂಥ ಪದ್ಧತಿಗಳು ಪ್ರೂಫಿನ ನಂಬಿಕೆಯನ್ನೂ ಉಳಿಸಿಕೊಳ್ಳುತ್ತವೆ ಎಂಬ ನಿರೀಕ್ಷೆ ಇದೆ. ಆದರೂ ಒಳಗೆ ಪರಿಶೀಲಿಸುತ್ತಿರುವುದು ಎಲಿಪ್ಟಿಕ್ ಕರ್ವ್ ಸಹಿಯಾದರೆ, ಆಗ ಪ್ರೂಫಿನ ಗೋಡೆ ಮುರಿಯಬೇಕಾದ ಅಗತ್ಯವೇ ಇಲ್ಲ: ಸಂಸ್ಥೆಯ ಸಹಿಯನ್ನೇ ನಕಲು ಮಾಡಿ, ಬೇಕಾದ ಜನ್ಮದಿನಾಂಕ ಬರೆದು, ಚೊಕ್ಕವಾದ ಪ್ರೂಫ್ ತಯಾರಿಸಬಹುದು.